ತಗೊಳ್ಲಾ, ಬೇಡ್ವಾ? ಹೊಸ ಗೇಮ್‌ಗಳ ರಿವ್ಯೂ ಬರೆಯುವ ನನ್ನ ಅನುಭವ

ಗೇಮ್‌ನಲ್ಲಿ ಎರಡನೇ ಬಾಸ್, ಅಂದರೆ ದಾರಿಗೆ ಅಡ್ಡ ನಿಲ್ಲುವ ದೊಡ್ಡ ಶತ್ರುವಿನ ಹತ್ತಿರ ಬಂದಿದ್ದೆ. ಒಂದೂಮುಕ್ಕಾಲು ಗಂಟೆಯಿಂದ ಕೂತಲ್ಲೇ ಕೂತು ಆಡಿದ್ದೆ. ಕೈಯಲ್ಲಿ ಒಳ್ಳೆ ಗನ್ ಇತ್ತು, ಹೆಲ್ತ್ ತುಂಬಿತ್ತು. ಹೊರಗೆ ಗುಡುಗು. ಅಡುಗೆಮನೆಯಿಂದ ಅಮ್ಮ, "ಟಿವಿ ಪ್ಲಗ್ ಕಿತ್ತು ಹಾಕೋ" ಅಂತ ಕೂಗಿದರು. "ಐದೇ ನಿಮಿಷ" ಅಂದೆ. ಎರಡನೇ ನಿಮಿಷಕ್ಕೆ ಕರೆಂಟ್ ಹೋಯಿತು.

ಇದು 2021ರ ಮೇ ತಿಂಗಳ ಮಾತು. ಸಾಗರದ ನಮ್ಮ ಮನೆಯಲ್ಲಿ ಆಗಿದ್ದು. ಲಾಕ್‌ಡೌನ್ ಸುದ್ದಿ ಬಂದ ಕೂಡಲೇ ಬೆಂಗಳೂರು ಬಿಟ್ಟು ಊರಿಗೆ ಬಂದಿದ್ದೆ. ಪಿಎಸ್5 ಅನ್ನು, ಅಂದರೆ ಟಿವಿಗೆ ಹಾಕಿ ಆಡುವ ಪ್ಲೇಸ್ಟೇಷನ್ 5 ಕನ್ಸೋಲನ್ನು, ಕಂಬಳಿಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಕೂಡ ಹಾಕಿದ್ದೆ. ಆಡುತ್ತಿದ್ದ ಗೇಮ್ ರಿಟರ್ನಲ್. ಏಪ್ರಿಲ್ 30ಕ್ಕೆ ಬಿಡುಗಡೆ ಆಗಿತ್ತು. ಸೆಲೀನ್ ಅನ್ನೋ ಗಗನಯಾತ್ರಿ ಒಂದು ವಿಚಿತ್ರ ಗ್ರಹದಲ್ಲಿ ಬಂದು ಬೀಳುತ್ತಾಳೆ. ಸತ್ತರೆ ಅದೇ ಒಡೆದ ಹಡಗಿನ ಪಕ್ಕ ಮತ್ತೆ ಎಚ್ಚರ. ಗನ್ನು, ಗಳಿಸಿದ ಶಕ್ತಿ, ಬಹುಪಾಲು ಎಲ್ಲ ಹೋಗಿರುತ್ತೆ. ಬಿಡುಗಡೆಯಾದಾಗ ಅದರಲ್ಲಿ ನಡುವೆ ಸೇವ್ ಮಾಡೋಕೆ ದಾರಿಯೇ ಇರಲಿಲ್ಲ. ಸಾಕಾದರೆ ಕನ್ಸೋಲ್ ಅನ್ನು ಪೂರ್ತಿ ಆಫ್ ಮಾಡದೆ ರೆಸ್ಟ್ ಮೋಡ್‌ಗೆ ಹಾಕಿ ಮಲಗಬೇಕು. ಕರೆಂಟ್ ಹೋದರೆ ರೆಸ್ಟೂ ಇಲ್ಲ, ಮೋಡೂ ಇಲ್ಲ.

ಆ ರಾತ್ರಿ ಟಾರ್ಚ್ ಬೆಳಕಲ್ಲಿ ಎರಡು ಪುಟ ಬೈದು ಬರೆದೆ. ಬೆಳಿಗ್ಗೆ ಓದಿದರೆ ನಾಚಿಕೆ ಆಯಿತು. ಅದರಲ್ಲಿ ಗೇಮ್ ಎಷ್ಟಿತ್ತೋ ಮಲೆನಾಡಿನ ಗುಡುಗೂ ಅಷ್ಟೇ ಇತ್ತು. ಕಂಟ್ರೋಲರ್‌ನ ಎಲ್2 ಟ್ರಿಗರ್ ಅರ್ಧ ಒತ್ತಿದರೆ ಗುರಿ ಹಿಡಿಯುತ್ತೆ, ಪೂರ್ತಿ ಒತ್ತಿದರೆ ಬೇರೆಯೇ ಥರದ ಗುಂಡು ಹಾರುತ್ತೆ. ಆ ಅರ್ಧದಲ್ಲಿ ಟ್ರಿಗರ್ ಬೆರಳನ್ನು ತಡೆದು ನಿಲ್ಲಿಸುತ್ತೆ. ಅಂಥದ್ದನ್ನು ನಾನು ಅಲ್ಲಿಯವರೆಗೆ ಯಾವ ಶೂಟಿಂಗ್ ಗೇಮ್‌ನಲ್ಲೂ ನೋಡಿರಲಿಲ್ಲ. ಅದರ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ. ಹಾಗಂತ ಕರೆಂಟ್ ವಿಷಯ ಬಿಡೋಕಾಗುತ್ತಾ? ಕೂತರೆ ಎರಡು ಗಂಟೆ ಬೇಡುವ ಗೇಮ್, ಸೇವ್ ಇಲ್ಲ, ಎದುರಿಗೆ ಮಳೆಗಾಲ. ಕೊನೆಗೆ ಬೈಗುಳ ತೆಗೆದು, ಹೊಗಳಬೇಕಾದ್ದನ್ನು ಹೊಗಳಿ, ಒಂದು ಸಾಲು ಸೇರಿಸಿದೆ: ಮನೆಯಲ್ಲಿ ಯುಪಿಎಸ್ ಇಲ್ಲದಿದ್ದರೆ ಈ ಗೇಮ್‌ಗೆ ಮುಂಚೆ ಅದನ್ನು ತಗೊಳ್ಳಿ.

ಆ ರಿವ್ಯೂನಲ್ಲಿ ಓದಿದವರು ನೆನಪಿಟ್ಟುಕೊಂಡದ್ದು ಆ ಒಂದೇ ಸಾಲು. ತಮಾಷೆ ಅಂದರೆ ಯುಪಿಎಸ್ ವಿಷಯದಲ್ಲಿ ನಾನೇ ಎಡವಿದೆ. ಪಿಎಸ್5 ಆಡುವಾಗ ಸುಮಾರು 200 ವಾಟ್ ಎಳೆಯುತ್ತೆ, ಅದರ ಮೇಲೆ ಟಿವಿ. ಮೊದಲು ತಂದ ಪುಟ್ಟ ಡಬ್ಬಿ ಕೀ ಅಂತ ಕಿರುಚಿ ಅರ್ಧ ನಿಮಿಷಕ್ಕೆ ಮಲಗಿಬಿಟ್ಟಿತು. ಅದೇ ವರ್ಷ ಅಕ್ಟೋಬರಿನಲ್ಲಿ ಒಂದು ಪ್ಯಾಚ್, ಅಂದರೆ ಗೇಮನ್ನು ತಿದ್ದುವ ಅಪ್‌ಡೇಟ್, ಬಂತು. ನಡುವೆ ನಿಲ್ಲಿಸಿ ಆಮೇಲೆ ಮುಂದುವರಿಸಬಹುದು ಅಂತಾಯಿತು. ಆದರೆ ನಾವಾಗಿ ನಿಲ್ಲಿಸಿದರೆ ಮಾತ್ರ. ಕರೆಂಟ್ ಹೇಳಿ ಹೋಗಲ್ಲವಲ್ಲ! ಹಾಗಾಗಿ ರಿವ್ಯೂ ಮೇಲ್ಗಡೆ ತಾರೀಕು ಹಾಕಿ ಪ್ಯಾಚ್ ವಿಷಯ ಸೇರಿಸಿದೆ, ಯುಪಿಎಸ್ ಸಾಲನ್ನು ಹಾಗೇ ಬಿಟ್ಟೆ.

ಹಗಲು ನಾನು ಲೆಕ್ಕಪತ್ರ ನೋಡುವ ಕೆಲಸದವನು. ಗೇಮ್ ಅಂದರೆ ರಾತ್ರಿ ಒಂಬತ್ತೂವರೆ ಮೇಲೆ. ಹೆಚ್ಚಿನವು ಸ್ವಂತ ದುಡ್ಡಿನವೇ. ಪಿಎಸ್5 ನಮ್ಮಲ್ಲಿ 2021ರ ಫೆಬ್ರವರಿ 2ಕ್ಕೆ ಬಂದಾಗ ಡಿಸ್ಕ್ ಹಾಕುವ ಮಾದರಿಗೆ 49,990 ರೂಪಾಯಿ. ರಿಟರ್ನಲ್‌ಗೆ 4,999. ಅಂದರೆ ಹತ್ತು ಗೇಮ್ ತಗೊಂಡರೆ ಇನ್ನೊಂದು ಕನ್ಸೋಲಿನ ದುಡ್ಡು. ಅದಕ್ಕೇ ನನ್ನನ್ನು ಕೇಳುವವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ತಗೊಳ್ಲಾ, ಬೇಡ್ವಾ?" ಕತೆಯ ಆಳ, ಕಲೆ, ಇದೆಲ್ಲ ಆಮೇಲೆ.

ಶುರುವಿನಲ್ಲಿ ನನ್ನ ಹತ್ತಿರ ಐದು ಕಾಲಂ ಇತ್ತು. ಕತೆ, ಗ್ರಾಫಿಕ್ಸ್, ಸೌಂಡ್, ಆಟ, ಬಾಳಿಕೆ. ತಲಾ ಎರಡು ಅಂಕ, ಒಟ್ಟು ಹತ್ತು. ಲೆಕ್ಕದವನ ಬುದ್ಧಿ ನೋಡಿ. ಒಂದು ಫುಟ್‌ಬಾಲ್ ಗೇಮ್‌ಗೆ 'ಕತೆ' ಕಾಲಂನಲ್ಲಿ ಸೊನ್ನೆ ಹಾಕಿದ್ದೆ. ಗೆಳೆಯನೊಬ್ಬ ಓದಿ, "ಮರಡೋನಾ ಕತೆ ಹೇಳ್ಕೊಂಡು ಗೋಲ್ ಹೊಡೆದ್ನಾ?" ಅಂತ ಕೇಳಿದ. ಆದರೂ ಕಾಲಂ ಬಿಡಲಿಲ್ಲ. ಬಿಡಿಸಿದ್ದು ಎಲ್ಡೆನ್ ರಿಂಗ್ ಅನ್ನೋ ಗೇಮ್.

2022ರ ಫೆಬ್ರವರಿ 25. ಗುಹೆಯಿಂದ ಹೊರಗೆ ಬಂದರೆ ಲಿಮ್‌ಗ್ರೇವ್ ಅನ್ನೋ ಹಸಿರು ಬಯಲು, ದೂರದಲ್ಲಿ ಆಕಾಶ ತುಂಬಿದ ಚಿನ್ನದ ಮರ. ದಾರಿಯಲ್ಲೇ ಕುದುರೆ ಮೇಲೆ ಚಿನ್ನದ ಕವಚ ತೊಟ್ಟ ಒಬ್ಬ ಸವಾರ ಗಸ್ತು ತಿರುಗುತ್ತಿರುತ್ತಾನೆ. ಹೆಸರು ಟ್ರೀ ಸೆಂಟಿನೆಲ್. ಇದೇ ಮೊದಲ ಬಾಸ್ ಇರಬೇಕು ಅಂದುಕೊಂಡೆ. ಹೋದೆ, ಸತ್ತೆ. ಮತ್ತೆ ಹೋದೆ. ಪುಸ್ತಕದಲ್ಲಿ ಗೀಟು ಹಾಕುತ್ತಾ ಬಂದೆ, 31 ಗೀಟು ಆಯಿತು. ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ 'ಅನ್ಯಾಯ' ಅಂತ ಬರೆದೆ. ಟೀ ಕುಡಿದು ಬಂದು, ಸುಮ್ನೆ ನೋಡೋಣ ಅಂತ, ಅವನನ್ನು ಬಿಟ್ಟು ಪಕ್ಕದ ಪೊದೆಗಳ ಹಿಂದೆ ಬಗ್ಗಿಕೊಂಡು ಹೋದೆ. ಪುಣ್ಯಾತ್ಮ ತಿರುಗಿಯೂ ನೋಡಲಿಲ್ಲ!

ಮುಂದೆ ಸ್ವಲ್ಪ ಹೊತ್ತಿಗೆ ಮೆಲೀನಾ ಅನ್ನೋಳು ಬಂದು ನನಗೂ ಒಂದು ಕುದುರೆ ಕೊಟ್ಟಳು. ಹತ್ತು ಗಂಟೆ ಬೇರೆ ಕಡೆ ಅಲೆದೆ, ಗುಹೆಗಳಿಗೆ ನುಗ್ಗಿದೆ, ಮೈಗೆ ಬಲ ಬಂತು. ಆಮೇಲೆ ವಾಪಸ್ ಹೋಗಿ ಆ ಸವಾರನನ್ನು ನಾಲ್ಕನೇ ಸಲಕ್ಕೆ ಕೆಡವಿದೆ. ಅವನ ಚಿನ್ನದ ಹಾಲ್ಬರ್ಡ್, ಉದ್ದ ಕೋಲಿನ ಕೊಡಲಿ, ಸಿಕ್ಕಿತು. ನೋಡಿದರೆ ಅದನ್ನು ಎತ್ತುವಷ್ಟು ಬಲ ನನಗಿನ್ನೂ ಇರಲಿಲ್ಲ, ಅದು ಬೇರೆ ಮಾತು.

ಈಗ ಹೇಳಿ, ಇದನ್ನು ಯಾವ ಕಾಲಂಗೆ ಹಾಕಲಿ? 12 ಗಂಟೆ ಆಡಿದಾಗ ಹತ್ತಕ್ಕೆ ಆರು ಬರೆದಿದ್ದೆ. 60 ಗಂಟೆಗೆ ಬರುವಷ್ಟರಲ್ಲಿ ಆ ಆರನ್ನು ಬರೆದವನು ನಾನಲ್ಲ ಅನ್ನಿಸಿತು. ಐದು ಕಾಲಂ ಪುಟ ಹರಿದು ಹಾಕಿದೆ. ಅಂದಿನಿಂದ ಹೀಗೆ ಎಲ್ಲಿಗೆ ಬೇಕಾದರೂ ಅಲೆಯಬಹುದಾದ ದೊಡ್ಡ ಓಪನ್ ವರ್ಲ್ಡ್ ಗೇಮ್ ಅಂದರೆ 40 ಗಂಟೆಗೆ ಮುಂಚೆ ಬರೆಯೋದಿಲ್ಲ. ಮೊದಲ ದಿನದ ಟಿಪ್ಪಣಿಗೆ ಬೇರೆಯೇ ಒಂದು ಪುಟ ಇದೆ, ಅದರ ತಲೆಬರಹ 'ಮೊದಲ ಸಿಟ್ಟು'. ಅದನ್ನು ಎಸೆಯಲ್ಲ. ಅಂಗಡಿಯಿಂದ ಡಿಸ್ಕ್ ತಂದವರು ಮೊದಲ ರಾತ್ರಿ ಅದೇ ಸಿಟ್ಟಲ್ಲಿ ಇರುತ್ತಾರಲ್ಲ, ಅವರಿಗೆ 'ಪೊದೆ ಹಿಂದೆ ಹೋಗಿ' ಅಂತ ಹೇಳೋಕೆ ಬೇಕಾಗುತ್ತೆ.

ಪುಸ್ತಕ ಅಂದೆನಲ್ಲ, ಅದು ಇನ್ನೂರು ಪುಟದ ಸಾದಾ ನೋಟ್‌ಬುಕ್. ಎಡ ಪುಟದಲ್ಲಿ ಏನಾಯಿತು ಅಂತ, ಬಲ ಪುಟದಲ್ಲಿ ನನಗೆ ಏನನ್ನಿಸಿತು ಅಂತ. ಮೊಬೈಲಲ್ಲಿ ಬರೆದು ನೋಡಿದೆ, ಆಗಲಿಲ್ಲ. ಕೈಗೆ ಮೊಬೈಲ್ ಬಂದರೆ ಅರ್ಧ ಗಂಟೆ ಎಲ್ಲೋ ಹೋಗುತ್ತೆ. ಪ್ರತಿ ಗೇಮ್‌ನ ಮೊದಲ ಪುಟದ ತುದಿಯಲ್ಲಿ ಯಾವ ಕನ್ಸೋಲ್, ಯಾವ ವರ್ಷನ್, ಡಿಸ್ಕೋ ಡೌನ್‌ಲೋಡೋ ಅಂತ ಬರೆಯುತ್ತೇನೆ. ಈ ಅಭ್ಯಾಸ ಸೈಬರ್‌ಪಂಕ್ 2077 ಅನ್ನೋ ಗೇಮ್‌ನ ಪ್ರಕರಣ ನೋಡಿ ಬಂದದ್ದು. 2020ರ ಡಿಸೆಂಬರಿನಲ್ಲಿ ಬಿಡುಗಡೆಗೆ ಮುಂಚೆ ಬಂದ ರಿವ್ಯೂಗಳು ಪಿಸಿಯಲ್ಲಿ ಆಡಿದವು. ಹಳೆಯ ಪಿಎಸ್4ನಲ್ಲಿ ಅದು ಎಷ್ಟು ಕೆಟ್ಟದಾಗಿ ಓಡುತ್ತೆ ಅಂತ ಕೊಂಡವರಿಗೆ ಗೊತ್ತಾದದ್ದು ಕೊಂಡ ಮೇಲೆ. ಬಿಡುಗಡೆಯಾಗಿ ಒಂದು ವಾರ ಕಳೆದ ಮೇಲೆ ಪ್ಲೇಸ್ಟೇಷನ್ ಅಂಗಡಿಯಿಂದಲೇ ಅದನ್ನು ತೆಗೆದರು. ವಾಪಸ್ ಬಂದದ್ದು 2021ರ ಜೂನ್‌ನಲ್ಲಿ. ಅಷ್ಟು ಹೊತ್ತಿಗೆ ಒಳ್ಳೆ ಅಂಕ ನೋಡಿ ದುಡ್ಡು ಕಟ್ಟಿದವರ ಗತಿ?

ರೇಸಿಂಗ್ ಗೇಮ್‌ನಲ್ಲಿ ನನಗೆ ಬೇರೆ ಥರ ಪೆಟ್ಟು ಬಿತ್ತು. ಗ್ರ್ಯಾನ್ ಟುರಿಸ್ಮೊ 7 ಬಂದದ್ದು 2022ರ ಮಾರ್ಚ್ 4ಕ್ಕೆ. ಶುರುವಿನಲ್ಲಿ ಕೊಳ್ಳೋಕೆ ಮೂರು ಪುಟ್ಟ ಕಾರು ತೋರಿಸುತ್ತಾರೆ, ಅದರಲ್ಲಿ ಒಂದು ಹೋಂಡಾ ಫಿಟ್. ನಮ್ಮ ರಸ್ತೆಯಲ್ಲಿ ಜಾಝ್ ಅಂತ ಓಡಾಡುವುದು ಅದೇ. ಪಕ್ಕದ ಮನೆ ಅಂಕಲ್ ಕಾರಿನಲ್ಲಿ ರೇಸ್‌ಗೆ ಇಳಿದ ಹಾಗೆ ಆಯಿತು. ರೇಸಿಂಗ್‌ಗೆ ನಾನು ಮಾಡೋದು ಇಷ್ಟೇ: ಒಂದೇ ಕಾರು, ಒಂದೇ ಟ್ರ್ಯಾಕ್. ಮೊದಲು ಗಾಡಿ ಓಡಿಸೋಕೆ ಗೇಮ್ ಕೊಡುವ ಎಲ್ಲ ಸಹಾಯ ಆನ್ ಮಾಡಿ ಹತ್ತು ಸುತ್ತು, ಆಮೇಲೆ ಆಫ್ ಮಾಡಿ ಹತ್ತು ಸುತ್ತು. ಎರಡನೇ ಹತ್ತರಲ್ಲಿ ಗಾಡಿ ಹುಲ್ಲಿಗೆ ಜಾರಿದಾಗ, ನಾನೆಲ್ಲಿ ತಪ್ಪಿದೆ ಅಂತ ನನಗೆ ಗೊತ್ತಾಗಬೇಕು. ಗೊತ್ತಾದರೆ ಒಳ್ಳೆಯ ಗೇಮ್. ಇಲ್ಲಿ ಬ್ರೇಕ್ ಜೋರಾಗಿ ಒತ್ತಿದಾಗ ಟ್ರಿಗರ್ ಬೆರಳಿಗೆ ಎದುರು ಒತ್ತುತ್ತೆ. ಜಾಸ್ತಿ ಒತ್ತಿದೆ ಅನ್ನೋದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತೆ.

ಇದನ್ನೆಲ್ಲ ಖುಷಿಯಿಂದ ಬರೆದು ಹಾಕಿದೆ. ಎರಡು ವಾರಕ್ಕೆ ಒಂದು ಅಪ್‌ಡೇಟ್ ಬಂತು, ಅದರ ಜತೆ ಸರ್ವರ್ 30 ಗಂಟೆಗೂ ಜಾಸ್ತಿ ಹೊತ್ತು ನಿಂತಿತು. ಆ ಗೇಮ್‌ನಲ್ಲಿ ಒಬ್ಬರೇ ಕೂತು ಆಡುವ ಭಾಗಕ್ಕೂ ಬಹುಪಾಲು ಇಂಟರ್‌ನೆಟ್ ಬೇಕು. ಹಾಗಾಗಿ ಡಿಸ್ಕ್ ಕೈಯಲ್ಲಿದ್ದರೂ ಆಟ ಇಲ್ಲ. ಮೇಲಾಗಿ ಕೆಲವು ರೇಸ್‌ಗಳ ಬಹುಮಾನದ ಹಣವನ್ನೂ ಇಳಿಸಿದ್ದರು. ಜನ ಸಿಟ್ಟಾದರು. ಆಮೇಲೆ ತಯಾರಕರು ಕ್ಷಮೆ ಕೇಳಿ ಗೇಮ್ ಒಳಗಿನ ಹಣ ಹತ್ತು ಲಕ್ಷ ಕ್ರೆಡಿಟ್ ಕೊಟ್ಟರು. ಅದೆಲ್ಲ ಅವರ ಪಾಡು. ನನ್ನ ತಪ್ಪು ಬೇರೆ. ಈ ಗೇಮ್‌ಗೆ ಸದಾ ಇಂಟರ್‌ನೆಟ್ ಬೇಕು ಅನ್ನೋದು ನನಗೆ ಮೊದಲ ದಿನವೇ ಗೊತ್ತಿತ್ತು, ಎಡ ಪುಟದಲ್ಲಿ ಬರೆದೂ ಇದ್ದೆ. ರಿವ್ಯೂನಲ್ಲಿ ಹೇಳಲಿಲ್ಲ. ಮನೆಯಲ್ಲಿ ಫೈಬರ್ ಇದ್ದವನಿಗೆ ಅದು ದೊಡ್ಡ ವಿಷಯ ಅನ್ನಿಸಲಿಲ್ಲ, ಅಷ್ಟೇ. ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡ ಹುಡುಗನೊಬ್ಬ ನನ್ನ ಮಾತು ಕೇಳಿ ಡಿಸ್ಕ್ ತಗೊಂಡಿದ್ದ. ಅವನು ಬೈಯಲಿಲ್ಲ. "ಸಿಗ್ನಲ್ ಇದ್ದಾಗ ಆಡ್ತೀನಿ ಬಿಡಿ ಅಣ್ಣಾ" ಅಂದ. ಬೈದಿದ್ದರೇ ವಾಸಿ ಇತ್ತು.

ಈಗ ಪ್ರತಿ ಗೇಮ್‌ಗೂ ಒಂದು ಸಲ ರೂಟರ್ ಆಫ್ ಮಾಡಿ ಆಡಿ ನೋಡುತ್ತೇನೆ.

ಫೈಟಿಂಗ್ ಗೇಮ್ ನನಗೆ ಒಬ್ಬನಿಗೇ ಬರೆಯೋಕೆ ಬರಲ್ಲ. ಸ್ಟ್ರೀಟ್ ಫೈಟರ್ 6 ಬಂದಾಗ, 2023ರ ಜೂನ್‌ನಲ್ಲಿ, ಅಕ್ಕನ ಮಗನನ್ನು ಕೂರಿಸಿಕೊಂಡೆ. ಹನ್ನೊಂದು ವರ್ಷ, ಕೈಯಲ್ಲಿ ಸದಾ ಚಿಪ್ಸ್ ಎಣ್ಣೆ. ಈ ಗೇಮ್‌ನಲ್ಲಿ ಮಾಡರ್ನ್ ಅಂತ ಹೊಸ ಕಂಟ್ರೋಲ್ ಇದೆ. ಹಳೆಯ ಕ್ಲಾಸಿಕ್‌ನಲ್ಲಿ ಹಡೊಕೆನ್, ಅಂದರೆ ಅಂಗೈಯಿಂದ ಹಾರಿಸುವ ಶಕ್ತಿಯ ಚೆಂಡು, ಹೊಡೆಯೋಕೆ ಕೆಳಗೆ, ಓರೆ, ಮುಂದೆ ಅಂತ ಹೆಬ್ಬೆರಳು ತಿರುಗಿಸಿ ಪಂಚ್ ಒತ್ತಬೇಕು. ಮಾಡರ್ನ್‌ನಲ್ಲಿ ಒಂದು ಬಟನ್ ಸಾಕು, ಆದರೆ ಹಾಗೆ ಹೊಡೆದರೆ ಏಟಿನ ಬಲ ಶೇಕಡಾ 20 ಕಡಿಮೆ. ನಾನು ಕ್ಲಾಸಿಕ್, ಅವನು ಮಾಡರ್ನ್. ನಾನು ಧಾಲ್ಸಿಮ್ ತಗೊಂಡೆ. ಭಾರತದ ಯೋಗಿ, ಕೈ ಚಾಚಿದರೆ ಅಟ್ಟದ ಮೇಲಿನ ಹಪ್ಪಳದ ಡಬ್ಬಿ ಸಿಗುವಷ್ಟು ಉದ್ದ. ಅವನು ಬ್ಲಾಂಕಾ ತಗೊಂಡ. ಐದಕ್ಕೆ ಐದೂ ಸೋತೆ. ಹಬ್ಬದ ದಿನ ಮನೆ ತುಂಬಾ ಜನ ಇದ್ದಾಗ ಕಂಟ್ರೋಲರ್ ಯಾರ ಕೈಗೆ ಕೊಟ್ಟರೂ ಆಟ ನಡೆಯುತ್ತೆ ಅನ್ನೋದು ಆ ಐದು ಸೋಲಿನಲ್ಲಿ ಗೊತ್ತಾಯಿತು. ಆರನೇ ಆಟದಲ್ಲಿ ಅವನು ಡ್ರೈವ್ ಗೇಜ್, ಅಂದರೆ ವಿಶೇಷ ಪಟ್ಟುಗಳಿಗೆ ಬೇಕಾದ ಶಕ್ತಿಯ ಪಟ್ಟಿ, ಪೂರ್ತಿ ಖಾಲಿ ಮಾಡಿಕೊಂಡು ಸುಸ್ತಾಗಿ ನಿಂತ. ಆಗ ಹಿಡಿದು ಬಾರಿಸಿದೆ. ಅವನು ಕಂಟ್ರೋಲರ್ ಕೆಳಗಿಡಲಿಲ್ಲ, "ಅದ್ಯಾಕೆ ಹಂಗಾಯ್ತು ಮಾಮ?" ಅಂತ ಕೇಳಿದ. ಫೈಟಿಂಗ್ ಗೇಮ್‌ನಲ್ಲಿ ನಾನು ಕಾಯೋದು ಆ ಪ್ರಶ್ನೆಗೆ. ಸೋತವನು ಯಾಕೆ ಅಂತ ಕೇಳಬೇಕು. ಆನ್‌ಲೈನ್ ಹೇಗಿದೆ ಅಂತ ಮಾತ್ರ ವಾರ ಬಿಟ್ಟು ಬರೆದೆ, ಬಿಡುಗಡೆಗೆ ಮುಂಚೆ ಸರ್ವರ್‌ನಲ್ಲಿ ಯಾರಿರುತ್ತಾರೆ?

ಹಾರರ್‌ಗೆ ಜತೆ ಬೇಡ. ರೆಸಿಡೆಂಟ್ ಈವಿಲ್ 4ರ ಹೊಸ ರೂಪ 2023ರ ಮಾರ್ಚ್ 24ಕ್ಕೆ ಬಂತು. ಹಳೆಯದು 2005ರದು. ಅದನ್ನು ನಾನು ಆಡಿದ್ದು ಗಂಟೆಗೆ ಇಪ್ಪತ್ತು ರೂಪಾಯಿಯ ಗೇಮ್ ಪಾರ್ಲರಿನಲ್ಲಿ, ಹಿಂದೆ ಆರು ಜನ ನಿಂತು "ಎಡಕ್ಕೆ, ಎಡಕ್ಕೆ" ಅಂತ ಕೂಗುತ್ತಿದ್ದಾಗ. ಅಲ್ಲಿ ಭಯ ಎಲ್ಲಿಂದ ಬರಬೇಕು? ಈ ಸಲ ಹೆಡ್‌ಫೋನ್, ದೀಪ ಆಫ್, ಒಬ್ಬನೇ. ಎಡ ಪುಟದಲ್ಲಿ ಒಂದೇ ವಿಷಯ ಬರೆದೆ: ಕಾರಣ ಇಲ್ಲದೆ ಎಷ್ಟು ಸಲ ಪಾಜ್ ಒತ್ತಿ ಆಟ ನಿಲ್ಲಿಸಿದೆ. ನೀರು ಕುಡಿಯೋಕೆ, ಫೋನ್ ನೋಡೋಕೆ, ಬಾಗಿಲು ಹಾಕಿದೆಯಾ ಅಂತ ನೋಡೋಕೆ. ಮೊದಲ ಹಳ್ಳಿಯ ದೃಶ್ಯದಲ್ಲೇ ಏಳು ಸಲ. ಕೊಡಲಿ ಹಿಡಿದ ಜನ ಸುತ್ತ ಮುತ್ತಿರುತ್ತಾರೆ, ಗರಗಸದವನು ಬಾಗಿಲು ಸೀಳುತ್ತಿರುತ್ತಾನೆ, ಅಷ್ಟರಲ್ಲಿ ಚರ್ಚ್ ಗಂಟೆ ಹೊಡೆದು ಎಲ್ಲರೂ ಸುಮ್ನೆ ಹೊರಟುಹೋಗುತ್ತಾರೆ. ಹೊಸದರಲ್ಲಿ ಆ ಗರಗಸವನ್ನೂ ಚಾಕುವಿನಿಂದ ತಡೆಯಬಹುದು. ಆದರೆ ಚಾಕು ಸವೆಯುತ್ತೆ, ಮುರಿಯುತ್ತೆ. ಅಷ್ಟೊಂದು ಬಲ ಕೊಟ್ಟು ಅದಕ್ಕೆ ಆಯಸ್ಸು ಇಟ್ಟಿದ್ದಾರಲ್ಲ, ನನ್ನ ಪ್ರಕಾರ ಹಳೆಯದಕ್ಕಿಂತ ಇದು ಜಾಸ್ತಿ ಹೆದರಿಸುವುದು ಅಲ್ಲೇ. 12ನೇ ಗಂಟೆ ಹೊತ್ತಿಗೆ ಪಾಜ್ ಒತ್ತೋದು ನಿಂತಿತ್ತು. ಅದನ್ನೂ ಬರೆದೆ: ಕೊನೆಕೊನೆಗೆ ಇದು ಹಾರರ್ ಅಲ್ಲ, ಬರೀ ಗುಂಡಿನ ಹಬ್ಬ.

ಕನ್ನಡದಲ್ಲಿ ಬರೆಯೋದು ಕಷ್ಟ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಗೇಮ್, ಬಾಸ್, ಲೆವೆಲ್, ಪ್ಯಾಚ್, ಇವನ್ನೆಲ್ಲ ನಾನು ಮುಟ್ಟೋಕೆ ಹೋಗಲ್ಲ. ಅದಕ್ಕೆ ಕನ್ನಡ ಪದ ಕಟ್ಟಿದರೆ ಆಡುವವನಿಗೇ ಅರ್ಥ ಆಗಲ್ಲ. ಆದರೆ ಮೈಗೆ ಆಗುವ ಅನುಭವಕ್ಕೆ ನಮ್ಮಲ್ಲಿ ಬೇಕಾದಷ್ಟು ಮಾತಿದೆ. ಫ್ರೇಮ್ ರೇಟ್ ಬಿದ್ದಾಗ 'ಚಿತ್ರ ಮುಗ್ಗರಿಸುತ್ತೆ' ಅಂತ ಬರೆಯುತ್ತೇನೆ. ಬಟನ್‌ಗೆ ತಡವಾಗಿ ಉತ್ತರ ಬಂದರೆ, 'ಇವನು ಯೋಚನೆ ಮಾಡಿ ಹೊಡೆಯುತ್ತಾನೆ'. ಒಂದೇ ಕೆಲಸವನ್ನು ಗಂಟೆಗಟ್ಟಲೆ ಮಾಡಿಸಿ ಲೆವೆಲ್ ಏರಿಸುವುದಕ್ಕೆ ಎಲ್ಲರೂ ಗ್ರೈಂಡ್ ಅಂತಾರೆ, ನಾನು 'ರಾಗಿ ಬೀಸೋದು' ಅಂತೀನಿ. ಬೀಸಿದ ಮೇಲೆ ಮುದ್ದೆ ಸಿಗುತ್ತಾ ಅನ್ನೋದು ಮುಂದಿನ ಪ್ರಶ್ನೆ. ಕೆಲವು ಗೇಮ್‌ನಲ್ಲಿ ಸಿಗುತ್ತೆ, ಕೆಲವು ಬೀಸೋಕಲ್ಲಿಗೇ ಬೇರೆ ದುಡ್ಡು ಕೇಳುತ್ತವೆ.

ಅಂಕ ಕೊಡೋದನ್ನು ಪೂರ್ತಿ ಬಿಟ್ಟಿಲ್ಲ, ಯಾಕಂದರೆ ಓದುವವರು ಬಿಡಲ್ಲ. ಆದರೆ ಅಂಕದ ಪಕ್ಕ 'ಈಗಲೇ', 'ಬೆಲೆ ಇಳಿದ ಮೇಲೆ', 'ಗೆಳೆಯನ ಡಿಸ್ಕ್ ಇಸ್ಕೊಂಡು' ಅಂತ ಮೂರರಲ್ಲಿ ಒಂದನ್ನು ಬರೆಯುತ್ತೇನೆ. ಕೇಳಿದ ಪ್ರಶ್ನೆಗೆ ಉತ್ತರ ಅದೇ ತಾನೆ. ವರ್ಷಾವರ್ಷ ಬರುವ ಸ್ಪೋರ್ಟ್ಸ್ ಗೇಮ್‌ಗಳಿಗೆ ಮೂರನೆಯದನ್ನೇ ಜಾಸ್ತಿ ಬರೆದಿದ್ದೇನೆ ಅಂತ ಕಾಣುತ್ತೆ. 2023ರಲ್ಲಿ ಫುಟ್‌ಬಾಲ್ ಗೇಮ್‌ನ ಫಿಫಾ ಅನ್ನೋ ಹೆಸರು ಹೋಗಿ ಎಫ್‌ಸಿ 24 ಆದಾಗ, ಹೊಸದನ್ನೂ ಹಿಂದಿನ ವರ್ಷದ್ದನ್ನೂ ಒಂದರ ಹಿಂದೆ ಒಂದು ಹಾಕಿ ಮೂವರು ಗೆಳೆಯರಿಗೆ ಹೆಸರು ಹೇಳದೆ ಆಡಿಸಿದೆ. ಇಬ್ಬರು ಅದಲುಬದಲು ಹೇಳಿದರು.

ಗಂಟೆಗೆ ಎಷ್ಟು ರೂಪಾಯಿ ಬಿತ್ತು ಅಂತಲೂ ಲೆಕ್ಕ ಹಾಕುತ್ತಿದ್ದೆ. ಅದು ನಿಂತದ್ದು ವೆಣ್ಬಾದಿಂದ. 2023ರ ಜುಲೈ ಕೊನೆಗೆ ಬಂದ ಪುಟ್ಟ ಅಡುಗೆ ಗೇಮ್, ಕೆನಡಾಕ್ಕೆ ಹೋದ ವೆಣ್ಬಾ ಅನ್ನೋ ತಾಯಿಯ ತಮಿಳು ಸಂಸಾರದ ಕತೆ. ಮುಗಿಯೋಕೆ ಒಂದೂವರೆ ಗಂಟೆ. ಅಮ್ಮ ಆಗ ಬೆಂಗಳೂರಿಗೆ ಬಂದಿದ್ದರು, ಪಕ್ಕದಲ್ಲಿ ಕೂತು ಹುರುಳಿಕಾಯಿ ಬಿಡಿಸುತ್ತಿದ್ದರು. ಮೊದಲನೆಯದೇ ಇಡ್ಲಿ. ವೆಣ್ಬಾಳ ಅಮ್ಮ ಕೊಟ್ಟ ಅಡುಗೆ ಪುಸ್ತಕ ಹರಿದು, ಅಕ್ಷರ ಅಳಿಸಿ ಹೋಗಿದೆ. ಉಳಿದದ್ದು ನಾವೇ ಊಹೆ ಮಾಡಬೇಕು. ನಾನು ಇಡ್ಲಿ ತಟ್ಟೆಗಳನ್ನು ಒಂದರ ಮೇಲೊಂದು ನೇರ ಜೋಡಿಸಿದೆ. ಕೆಟ್ಟಿತು. ಮತ್ತೆ ಜೋಡಿಸಿದೆ. ಅಮ್ಮ ತಲೆ ಎತ್ತಿ ಟಿವಿ ನೋಡಿದರು.

"ತಟ್ಟೆ ತಿರುಗಿಸಿ ಇಡೋ. ಕೆಳಗಿನ ಇಡ್ಲಿ ಮೇಲೆ ಮೇಲಿನದು ಕೂತ್ರೆ ಹಬೆ ಎಲ್ಲಿಂದ ಬರತ್ತೆ?"

ತಿರುಗಿಸಿದೆ. ಇಡ್ಲಿ ಆಯಿತು. ನಲವತ್ತು ವರ್ಷ ಇಡ್ಲಿ ಮಾಡಿದವರಿಗೆ ಅದು ಒಗಟೇ ಅಲ್ಲ. ಮುಂದಿನ ಅಡುಗೆ, ಪುಟ್ಟು, ಬರುವ ಹೊತ್ತಿಗೆ ಅಮ್ಮನ ಕಾಯಿ ಬಿಡಿಸೋದು ನಿಂತಿತ್ತು. ಗೇಮ್‌ನಲ್ಲಿ ವೆಣ್ಬಾಳ ಮಗ ದೊಡ್ಡವನಾಗಿ ಬೇರೆ ಊರಿಗೆ ಹೋಗುತ್ತಾನೆ. ಅವನು ಬರುತ್ತಾನೆ ಅಂತ ವೆಣ್ಬಾ ಇಡೀ ದಿನ ಅಡುಗೆ ಮಾಡುತ್ತಾಳೆ, ಒಂದಾದ ಮೇಲೊಂದು. ಅವನು ಬರುವುದಿಲ್ಲ. ನಾನು ಬಲ ಪುಟದಲ್ಲಿ ಏನೋ ಬರೆಯೋಕೆ ಪೆನ್ ಎತ್ತಿದೆ.

"ಒಂದು ಫೋನ್ ಮಾಡೋಕೆ ಏನು ಧಾಡಿ ಅವನಿಗೆ" ಅಂದರು ಅಮ್ಮ. ಟಿವಿ ಕಡೆ ನೋಡುತ್ತಿರಲಿಲ್ಲ.

ಎಲ್ಲ ಮುಗಿದ ಮೇಲೆ ಬೆಲೆ ಎಷ್ಟು ಅಂತ ಕೇಳುತ್ತಾರೆ ಅಂದುಕೊಂಡಿದ್ದೆ, ಕೇಳಲಿಲ್ಲ. ಹುರುಳಿಕಾಯಿ ಬುಟ್ಟಿ ಎತ್ತಿಕೊಂಡು ಎದ್ದರು. ಹೊರಗೆ ಮೋಡ ಇತ್ತು. ಹೋಗುವಾಗ ಟಿವಿ ಪ್ಲಗ್ ಕಿತ್ತು ಹೋದರು.